ಸೈಕಲ್‌ನಲ್ಲಿ ಮೋಂ ವಾಂತೂ: ಬೆದ್ವಾಂನಿಂದ ಹತ್ತಿ ಮಲೊಸೆನ್‌ಗೆ ಇಳಿಯುವ ಸುತ್ತು

ದಕ್ಷಿಣ ಫ್ರಾನ್ಸ್‌ನ ಪ್ರೊವಾನ್ಸ್‌ನಲ್ಲಿರುವ ಮೋಂ ವಾಂತೂ ಬೆಟ್ಟದ ಈ ಸುತ್ತು ಸುಮಾರು 55 ಕಿ.ಮೀ. ಬೆದ್ವಾಂ ಊರಿನಿಂದ ಡಿ974 ರಸ್ತೆ ಹಿಡಿಯಿರಿ. ಶಿಖರಕ್ಕೆ 21 ಕಿ.ಮೀ. ಚಿಲ್ಲರೆ, ಏರಬೇಕಾದ ಎತ್ತರ ಸುಮಾರು 1,600 ಮೀಟರ್.

ಮೊದಲ ಐದಾರು ಕಿ.ಮೀ. ದ್ರಾಕ್ಷಿತೋಟಗಳ ನಡುವಿನ ಸಲೀಸು ದಾರಿ. ಹೆಚ್ಚಿನವರು ಎಡವುವುದು ಇಲ್ಲೇ: ಹುರುಪಿನಲ್ಲಿ ಜೋರಾಗಿ ತುಳಿದು ಕಾಲಿನ ಕಸುವು ಕಳೆದುಕೊಳ್ಳುತ್ತಾರೆ. ಮಾತಾಡುತ್ತಾ ತುಳಿಯುವಷ್ಟು ನಿಧಾನವಿರಲಿ. ಸ್ಯಾಂ-ಎಸ್ತೆವ್ ತಿರುವು ದಾಟಿದರೆ ಕಾಡು. ಸುಮಾರು 9 ಕಿ.ಮೀ. ಉದ್ದಕ್ಕೂ ಶೇ. 9-10ರ ಏರು, ಉಸಿರಾಡಲು ಸಮತಟ್ಟು ಜಾಗವೇ ಇಲ್ಲ. ಮುಂದೆ 34, ಹಿಂದೆ 32 ಅಥವಾ 34 ಹಲ್ಲಿನ ಗೇರ್ ಹಾಕಿಸಿ. ಅದಕ್ಕಿಂತ ಭಾರವಾದರೆ ಮಂಡಿ ನೋವು ಖಚಿತ.

ಕಾಡಿನಲ್ಲಿ ನೀರು ಸಿಗುವುದನ್ನು ನಂಬಬೇಡಿ. ಎರಡು ಬಾಟಲಿ ತುಂಬಿಸಿಕೊಂಡೇ ಹೊರಡಿ. ಕಾಡು ಮುಗಿಯುವಲ್ಲಿನ ಹೋಟೆಲ್ ಶಲೇ ರೆನಾರ್ ತಲುಪಿದಾಗ ಏನಾದರೂ ತಿನ್ನಿ. ಉಳಿದ 6 ಕಿ.ಮೀ. ಬರೀ ಬಿಳಿ ಸುಣ್ಣಕಲ್ಲು, ಮರದ ಮರೆಯಿಲ್ಲ. ಉತ್ತರದಿಂದ ಜೋರಾಗಿ ಬರುವ ಮಿಸ್ತ್ರಾಲ್ ಗಾಳಿ ಬೀಸಿದರೆ ಸೈಕಲ್ಲೇ ಪಕ್ಕಕ್ಕೆ ಸರಿಯುತ್ತದೆ. ಹಿಂದಿನ ಸಂಜೆಯೇ ಶಿಖರದ ಗಾಳಿಯ ಮುನ್ಸೂಚನೆ ನೋಡಿ, ಜೋರಿದ್ದರೆ ದಿನ ಬದಲಿಸಿ. 1967ರಲ್ಲಿ ಟೂರ್ ಡಿ ಫ್ರಾನ್ಸ್ ವೇಳೆ ಬ್ರಿಟಿಷ್ ಸೈಕಲ್ ಸ್ಪರ್ಧಿ ಟಾಮ್ ಸಿಂಪ್ಸನ್ ಕುಸಿದು ಸತ್ತದ್ದು ಈ ಏರಿನಲ್ಲೇ. ಬೇಸಿಗೆಯ ಬಿಸಿಲನ್ನು ಹಗುರವಾಗಿ ಕಾಣಬೇಡಿ, ಬೆಳಗಿನ 7ಕ್ಕೆ ಮೊದಲೇ ಹೊರಡಿ.

ಮೇಲೆ ಚಳಿ. ಇಳಿಯುವ ಮುನ್ನವೇ ಜಾಕೆಟ್ ತೊಡಿ. ಬ್ರೇಕ್ ಹಿಡಿದೇ ಇಳಿದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ಬಿಡಿ. ಮಲೊಸೆನ್‌ನಿಂದ ಮದ್ಲೆನ್ ಕಣಿವೆದಾರಿಯಲ್ಲಿ ಬೆದ್ವಾಂಗೆ ಮರಳಬಹುದು. ಚಳಿಗಾಲದಲ್ಲಿ ಶಿಖರದ ರಸ್ತೆ ಮುಚ್ಚಿರುತ್ತದೆ.