ಪ್ಯಾಂಥಿಯನ್ ನೋಡುವುದು ಹೇಗೆ?

ರೋಮ್‌ನ ಪ್ರಾಚೀನ ದೇಗುಲ ಪ್ಯಾಂಥಿಯನ್‌ಗೆ ಹೋದವರು ನೇರ ನಡುವಿಗೆ ನುಗ್ಗಿ, ಮೊಬೈಲನ್ನು ಸೂರಿಗೆ ಹಿಡಿದು, ಹತ್ತೇ ನಿಮಿಷದಲ್ಲಿ ಹೊರಬೀಳುತ್ತಾರೆ. ಇಷ್ಟು ದೊಡ್ಡ ಗುಮ್ಮಟ ಬೀಳದೆ ನಿಂತದ್ದು ಹೇಗೆ ಎಂಬುದು ಕಣ್ಣಿಗೇ ಬಿದ್ದಿರುವುದಿಲ್ಲ.

ಟಿಕೆಟ್ಟನ್ನು ಅಧಿಕೃತ ಜಾಲತಾಣದಲ್ಲೇ ಕೊಳ್ಳಿ; ಚೌಕದಲ್ಲಿ ‘ಕ್ಯೂ ಬೇಡ’ ಎಂದು ಕರೆಯುವವರನ್ನು ನಂಬಬೇಡಿ. ಕ್ರಿ.ಶ. 609ರಿಂದ ಇದು ಚರ್ಚು, ಭುಜ ಮುಚ್ಚುವ ಬಟ್ಟೆ ಇರಲಿ.

ಮೊದಲು ಹೊರಗೆ. ಮುಂಭಾಗದಲ್ಲಿ, ಇಲ್ಲಿ ಮೊದಲ ಕಟ್ಟಡ ಕಟ್ಟಿಸಿದ ಅಗ್ರಿಪ್ಪನ ಹೆಸರಿದ್ದರೂ ಈಗಿನ ಕಟ್ಟಡ ಹೇಡ್ರಿಯನ್ ಚಕ್ರವರ್ತಿಯ ಕಾಲದ್ದು. ಮುಖಮಂಟಪದ 16 ಕಂಬಗಳೂ ಸುಮಾರು 12 ಮೀಟರಿನ ಏಕಶಿಲೆಗಳು. ಚೌಕದ ಕಾರಂಜಿಯವರೆಗೆ ಹಿಂದೆ ಸರಿದು ನೋಡಿ: ಮುಖಮಂಟಪದ ಮೇಲಿನ ತ್ರಿಕೋನದ ಹಿಂದಿನ ಗೋಡೆಯಲ್ಲಿ, ಇನ್ನೂ ಎತ್ತರದಲ್ಲಿ, ಮತ್ತೊಂದು ತ್ರಿಕೋನದ ಗೆರೆ. ಇನ್ನೂ ಎತ್ತರದ ಕಂಬಗಳಿಗೆ ಹಾಕಿದ ಲೆಕ್ಕ ಕೈಕೊಟ್ಟಿತು ಎಂದು ಹಲವು ವಿದ್ವಾಂಸರ ಊಹೆ. ಬಳಿಕ ಪಕ್ಕದ ಗೋಡೆಗೆ ಬನ್ನಿ. ಇಟ್ಟಿಗೆಯಲ್ಲಿ ಹುದುಗಿದ ಕಮಾನುಗಳು ಮುಚ್ಚಿದ ಕಿಟಕಿಗಳಲ್ಲ, ಭಾರವನ್ನು ದಪ್ಪ ಭಾಗಗಳತ್ತ ತಿರುಗಿಸುವ ಕಮಾನುಗಳು. ಒಳಗೆ ಅಮೃತಶಿಲೆ ಇದನ್ನೆಲ್ಲ ಮುಚ್ಚಿಬಿಡುತ್ತದೆ.

ಒಳಗೆ ಹೋದ ಮೇಲೂ ಬಾಗಿಲ ಬಳಿಯೇ ನಿಲ್ಲಿ, ಕಣ್ಣನ್ನು ಕೆಳಗಿನಿಂದ ಮೇಲಕ್ಕೆ ಒಯ್ಯಿರಿ. ಏಳು ಗೂಡು, ಒಂದು ಬಾಗಿಲು: ಸುಮಾರು 6 ಮೀಟರ್ ದಪ್ಪದ ಗೋಡೆಯಲ್ಲಿ ಎಂಟು ಪೊಳ್ಳು. ಭಾರ ಇಳಿಯುವುದು ಅವುಗಳ ನಡುವಿನ ಎಂಟು ಗಟ್ಟಿ ಗೋಡೆಭಾಗಗಳಿಗೆ. ಮೇಲೆ ಐದು ಸಾಲು ಚೌಕಗುಳಿಗಳು, ಸಾಲಿಗೆ 28. ಗುಳಿಗಳ ಪಟ್ಟಿಯನ್ನು ಕೆಳಗಿನ ಕಂಬಗಳಿಗೆ ಜೋಡಿಸಲು ನೋಡಿ, ಹೆಚ್ಚಿನ ಕಡೆ ಹೊಂದುವುದಿಲ್ಲ; 28 ಎಂಟರಿಂದ ಭಾಗವಾಗದು. ಗುಮ್ಮಟ ತೇಲಿದಂತೆ ಕಾಣಲು ಈ ಹೊಂದದ ಲೆಕ್ಕವೂ ಒಂದು ಕಾರಣ. ವ್ಯಾಸ 43.3 ಮೀಟರ್, ನೆಲದಿಂದ ಎತ್ತರವೂ ಅಷ್ಟೇ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿಗೆ ಕೆಳಗೆ ಭಾರದ ಕಲ್ಲು, ತುದಿಗೆ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು ಬೆರೆಸಿದ್ದಾರೆ. ದಪ್ಪವೂ 6 ಮೀಟರಿನಿಂದ ಸುಮಾರು 1.2ಕ್ಕೆ ಇಳಿಯುತ್ತದೆ. ತುದಿಯಲ್ಲಿ ಬಾನಿಗೆ ತೆರೆದ ದುಂಡು ಕಿಂಡಿಯೇ ‘ಕಣ್ಣು’; ಅದರ ಅಂಚು ಸುತ್ತಲ ಒತ್ತಡವನ್ನು ತಡೆಯುವ ಬಳೆ.

ಮಳೆ ಒಳಗೆ ಬೀಳುವುದಿಲ್ಲವೆಂಬುದು ಗೈಡುಗಳ ಕಟ್ಟುಕಥೆ. ಬೀಳುತ್ತದೆ, ತುಸು ಉಬ್ಬಿದ ನೆಲ, ಅದರಲ್ಲಿನ ಸಣ್ಣ ತೂತುಗಳು ಇರುವುದೇ ಆ ನೀರಿಗಾಗಿ.

ಬಿಸಿಲಿನ ಮಧ್ಯಾಹ್ನವೇ ಹೋಗಿ. ಚಳಿಗಾಲದಲ್ಲಿ ಬೆಳಕಿನ ಬಿಲ್ಲೆ ಗುಮ್ಮಟದಲ್ಲೇ ಉಳಿಯುತ್ತದೆ, ಬೇಸಿಗೆಯಲ್ಲಿ ನೆಲಕ್ಕಿಳಿಯುತ್ತದೆ, ಏಪ್ರಿಲ್ 21ರ ಸುಮಾರಿಗೆ ಬಾಗಿಲಿಗೇ ಬೀಳುತ್ತದೆ. ಅದರ ಅಂಚು ಮುಟ್ಟಿದ ಒಂದು ಕಲ್ಲನ್ನು ಗುರುತಿಟ್ಟುಕೊಂಡು ಚಿತ್ರಕಾರ ರಾಫೇಲನ ಸಮಾಧಿ ನೋಡಿಬನ್ನಿ. ಹತ್ತು ನಿಮಿಷದಲ್ಲಿ ಬಿಲ್ಲೆ ಒಂದು ಹೆಜ್ಜೆಗಿಂತ ಹೆಚ್ಚೇ ಸರಿದಿರುತ್ತದೆ.