ಮನೆಯ ಅಗ್ರಿಮೆಂಟ್ ದಾಟಿಸುವ ಮುನ್ನ ನಗರಸಭೆಯ ಪಟ್ಟಿ ನೋಡಿ

ಸೈಟಿಗೆ ಅಗ್ರಿಮೆಂಟ್ ಹಾಕಿಕೊಂಡು, ರಿಜಿಸ್ಟ್ರೇಷನ್‌ಗೆ ಮುಂಚೆಯೇ ಲಾಭ ಇಟ್ಟು ಇನ್ನೊಬ್ಬರಿಗೆ ದಾಟಿಸುವವರು ನಮ್ಮೂರಲ್ಲೂ ಇದ್ದಾರಲ್ವಾ? ಅಮೆರಿಕದಲ್ಲಿ ಮನೆಗಳ ವಿಷಯದಲ್ಲಿ ಇದಕ್ಕೆ ಹೋಲ್‌ಸೇಲಿಂಗ್ ಅನ್ನುತ್ತಾರೆ. ಆದರೆ ಓಹಿಯೋದ ಶೇಕರ್ ಹೈಟ್ಸ್, ಕ್ಲೀವ್‌ಲ್ಯಾಂಡ್ ಹೈಟ್ಸ್‌ನಂಥ ಊರುಗಳಲ್ಲಿ ಮನೆ ಕೈ ಬದಲಾಗುವಾಗ ನಗರಸಭೆಯ ಇನ್ಸ್‌ಪೆಕ್ಟರ್ ಬಂದು ನೋಡಿ, ಸರಿಪಡಿಸಬೇಕಾದ್ದರ ಪಟ್ಟಿ ಕೊಡುತ್ತಾರೆ. ಇದು ಪಾಯಿಂಟ್ ಆಫ್ ಸೇಲ್ ತಪಾಸಣೆ. ಅಲ್ಲಿ ಈ ವ್ಯವಹಾರ ಮಾಡುವ ಕ್ರಮವೇ ಬೇರೆ.

ಮೊದಲು ಮನೆ ಯಾವ ನಗರಸಭೆಗೆ ಸೇರಿದ್ದು ಅಂತ ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ದಾಖಲೆಯಲ್ಲಿ ನೋಡಿ. ಅಂಚೆ ವಿಳಾಸ ನಂಬಬೇಡಿ. ಅದರಲ್ಲಿ ಕ್ಲೀವ್‌ಲ್ಯಾಂಡ್ ಅಂತಿದ್ದರೂ ಮನೆ ಪಕ್ಕದ ಊರಿನದ್ದಾಗಿರಬಹುದು. ನಿಯಮ ಊರಿಂದ ಊರಿಗೆ ಬೇರೆ.

ಬೆಲೆ ಮಾತಾಡುವ ಮುಂಚೆ ಮಾಲೀಕರನ್ನು ಕೇಳಿ: 'ಇನ್ಸ್‌ಪೆಕ್ಷನ್ ಆಗಿದೆಯಾ? ಪಟ್ಟಿ ಕೊಡ್ತೀರಾ?' ಆಗಿಲ್ಲದಿದ್ದರೆ ಅವರಿಂದಲೇ ಅರ್ಜಿ ಹಾಕಿಸಿ. ಮನೆ ಇನ್ನೂ ಅವರದ್ದು ತಾನೇ. ವಾರಂಟ್ ಇಲ್ಲದ ತಪಾಸಣೆಗೆ ಒಪ್ಪದವರನ್ನು ದಂಡಿಸುವಂತಿಲ್ಲ ಅಂತ 2018ರಲ್ಲಿ ಓಹಿಯೋದ್ದೇ ಆದ ಓಕ್‌ವುಡ್ ಊರಿನ ಪ್ರಕರಣದಲ್ಲಿ ಫೆಡರಲ್ ಕೋರ್ಟ್ ಹೇಳಿದೆ. ಆದರೂ ವ್ಯವಹಾರ ಮುಗಿಸಬೇಕಾದವರಿಗೆ ಜಗಳಕ್ಕಿಂತ ಪಟ್ಟಿಯೇ ಲೇಸು.

ಪಟ್ಟಿ ಬಂದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಮನೆ ಸುತ್ತಿ. ಮರದ ಬೇರು ಎತ್ತಿದ ಫುಟ್‌ಪಾತ್ ಚಪ್ಪಡಿ, ಬಣ್ಣ ಸುಲಿದ ಗ್ಯಾರೇಜ್, ಗಾರೆ ಉದುರಿದ ಚಿಮಣಿ, ಕಂಬಿ ಇಲ್ಲದ ಮೆಟ್ಟಿಲು ಇಂಥವೇ ಜಾಸ್ತಿ. ಚಿಲ್ಲರೆ ಕೆಲಸ ಅನ್ನಿಸುತ್ತೆ. ಅದೇ ಹಳೇ ಕಲ್ಲುಹಾಸಿನ ಛಾವಣಿ ಅಂತ ಬರೆದಿದ್ದರೆ ಸುಮ್ನೆ ಅಂದಾಜು ಮಾಡಬೇಡಿ, ಕಂಟ್ರಾಕ್ಟರ್‌ನನ್ನು ಏಣಿ ಹತ್ತಿಸಿ.

ಈಗ ಲೆಕ್ಕ. ಶೇಕರ್ ಹೈಟ್ಸ್‌ನಲ್ಲಿ ರಿಪೇರಿ ಮುಗಿಯದೆ ಮನೆ ಮಾರಿದರೆ ಅಂದಾಜು ವೆಚ್ಚದ 150% ಹಣವನ್ನು ಎಸ್ಕ್ರೊದಲ್ಲಿ, ಅಂದರೆ ಮೂರನೆಯವರ ಕೈಯಲ್ಲಿ ಠೇವಣಿಯಾಗಿ, ಇಡಬೇಕು. ಕರಾರಿನ ಬೆಲೆ 60,000 ಡಾಲರ್, ದಾಟಿಸುವ ನಿಮ್ಮ ಫೀಸ್ 8,000, ರಿಪೇರಿ 12,000 ಅಂದುಕೊಳ್ಳಿ. ಎಸ್ಕ್ರೊ 18,000. ಅದನ್ನು ಕೊಳ್ಳುವವನೇ ಇಡುವುದಾದರೆ 68,000 ತಂದರೆ ಸಾಲದು, 86,000 ಬೇಕು. ಇದರ ಮೇಲೆ ರಿಪೇರಿಗೆ ಕೈಯಿಂದ ಬೇರೆ ಹಾಕಬೇಕು. ಎಸ್ಕ್ರೊ ಹಣ ಖರ್ಚಲ್ಲ, ರಿಪೇರಿ ಮುಗಿದ ಮೇಲೆ ವಾಪಸ್ ಬರುತ್ತೆ. ಆದರೆ ಅಲ್ಲಿವರೆಗೆ ಸಿಕ್ಕಿಹಾಕಿಕೊಂಡಿರುತ್ತೆ. ಇಂಥ ವ್ಯವಹಾರ ಕೊನೇ ದಿನ ಮುರಿದುಬೀಳುವುದು ಇಲ್ಲೇ.

ಅದಕ್ಕೇ ಕರಾರಿನಲ್ಲಿ ನಾಲ್ಕು ಮಾತು ಬರೆಸಿ: ಕರಾರನ್ನು ಇನ್ನೊಬ್ಬರಿಗೆ ಅಸೈನ್ ಮಾಡುವ (ದಾಟಿಸುವ) ಹಕ್ಕು, ಎಸ್ಕ್ರೊ ಯಾರು ಇಡಬೇಕು, ತಪಾಸಣೆಗೆ ಬೇಕಾದಷ್ಟು ಗಡುವು, ರಿಪೇರಿ ಮೊತ್ತ ಇಷ್ಟು ದಾಟಿದರೆ ಹಿಂದೆ ಸರಿಯುವ ದಾರಿ. ಮೊದಲು ನೀವೇ ಕೊಂಡು ತಕ್ಷಣ ಮಾರುವ ಡಬಲ್ ಕ್ಲೋಸಿಂಗ್ ಆದರೆ ವರ್ಗಾವಣೆ ಎರಡಾಗುತ್ತೆ. ಎರಡಕ್ಕೂ ಒಂದೇ ತಪಾಸಣೆ ಸಾಕಾ ಅಂತ ನಗರಸಭೆಯಲ್ಲಿ ಮೊದಲೇ ಕೇಳಿ.

ಜಾಹೀರಾತಿನಲ್ಲಿ 'ಮನೆ ಮಾರಾಟಕ್ಕಿದೆ' ಅನ್ನಬೇಡಿ. ನಿಮ್ಮ ಹತ್ತಿರ ಇರುವುದು ಕರಾರು ಮಾತ್ರ. ಬ್ರೋಕರ್ ಲೈಸೆನ್ಸ್ ಇಲ್ಲದೆ ಬೇರೆಯವರ ಮನೆ ಮಾರಲು ಹೊರಟರೆ ತೊಂದರೆ, ವಕೀಲರಿಗೆ ಒಮ್ಮೆ ತೋರಿಸಿ. ಜಾಹೀರಾತು ನೋಡಿ ಬಂದವರಿಗೆ ಫೋಟೊಗಿಂತ ಮೊದಲು ಪಟ್ಟಿ ಕಳಿಸಿ. ಪಟ್ಟಿ ಓದಿಯೂ ಫೋನ್ ಮಾಡುವವನೇ ನಿಮ್ಮ ಗಿರಾಕಿ.