ಟಿ.ವಿ.ಯಲ್ಲಿ ‘ನೋ ಸಿಗ್ನಲ್’: ಪೇಟೆಗೆ ಹೊರಡುವ ಮುನ್ನ

ಏಪ್ರಿಲ್, ಮೇ ಬಂತೆಂದರೆ ಕೊಡಗಿನ ಮನೆಗಳಲ್ಲಿ ಹಾಕಿಯದೇ ಮಾತು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಮೈದಾನಕ್ಕೆ ಹೋಗಲಾಗದವರು ಈಗ ಯೂಟ್ಯೂಬ್‌ನಲ್ಲಿ ನೋಡುತ್ತಾರೆ. ಅಂಗೈಯಗಲದ ಮೊಬೈಲಿನಲ್ಲಿ ಚೆಂಡು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಸರಿ, ಮಕ್ಕಳ ಲ್ಯಾಪ್‌ಟಾಪ್ ತಂದು ಗೋಡೆಯ ಮೇಲಿನ ದೊಡ್ಡ ಟಿ.ವಿ.ಗೆ ಸಿಕ್ಕಿಸೋಣ ಎಂದು ಹೊರಟರೆ ಟಿ.ವಿ. ‘ನೋ ಸಿಗ್ನಲ್’ ಎಂದು ಕೂತುಬಿಡುತ್ತದೆ.

ದೊಡ್ಡ ಊರಿನಲ್ಲಾದರೆ ಬೀದಿ ತಿರುವಿನಲ್ಲೇ ಕೇಬಲ್ ಸಿಗುತ್ತದೆ. ಒಂದು ಆಗದಿದ್ದರೆ ಇನ್ನೊಂದು ತಂದು ನೋಡಬಹುದು. ತೋಟದ ಮನೆಯವರಿಗೆ ಆ ಸುಖವಿಲ್ಲ. ಮಡಿಕೇರಿಗೋ ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಹೋಗಿಬರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ತಂದದ್ದು ಬೇಕಾದ ವಸ್ತುವೇ ಅಲ್ಲ ಎಂದು ಗೊತ್ತಾಗುವುದು ಮನೆ ಸೇರಿದ ಮೇಲೆ. ಆದ್ದರಿಂದ ತೊಂದರೆ ಲ್ಯಾಪ್‌ಟಾಪ್‌ನದೋ, ಕೇಬಲ್‌ನದೋ, ಟಿ.ವಿ.ಯದೋ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಳ್ಳುವುದು ಮುಖ್ಯ. ಅದಕ್ಕೆ ದುಡ್ಡು ಖರ್ಚಿಲ್ಲ, ಸ್ವಲ್ಪ ತಾಳ್ಮೆ ಸಾಕು.

ರಿಮೋಟ್‌ನಿಂದಲೇ ಶುರು ಮಾಡಿ

ಟಿ.ವಿ.ಯ ಹಿಂದೆ ಅಥವಾ ಪಕ್ಕದಲ್ಲಿ ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲ್‌ನಲ್ಲಿ ತರುವ ವ್ಯವಸ್ಥೆ) ಎಂದು ಬರೆದ ಎರಡು ಮೂರು ಪೋರ್ಟ್‌ಗಳಿರುತ್ತವೆ. ಒಂದೊಂದಕ್ಕೂ ನಂಬರ್ ಇರುತ್ತದೆ. ಕೇಬಲ್ ಯಾವ ನಂಬರಿನ ಪೋರ್ಟ್‌ನಲ್ಲಿದೆಯೋ ಅದೇ ನಂಬರನ್ನು ರಿಮೋಟ್‌ನ ‘ಇನ್‌ಪುಟ್’ ಅಥವಾ ‘ಸೋರ್ಸ್’ ಬಟನ್ ಒತ್ತಿ ಆರಿಸಬೇಕು. ಟಿ.ವಿ. ಗೋಡೆಗೆ ಅಂಟಿಕೊಂಡಿದ್ದರೆ ನಂಬರ್ ಓದಲು ತಲೆ ತೂರಿಸುವುದು ಬೇಡ, ಮೊಬೈಲನ್ನು ಸಂದಿಯಲ್ಲಿ ಇಳಿಬಿಟ್ಟು ಒಂದು ಫೋಟೊ ತೆಗೆಯಿರಿ. ಆ ಫೋಟೊವನ್ನು ಅಳಿಸಬೇಡಿ, ಮುಂದೆ ಬೇಕಾಗುತ್ತದೆ. ಒಂದು ಪೋರ್ಟ್‌ನ ಪಕ್ಕ ‘ಎಆರ್‌ಸಿ’ ಎಂದಿದ್ದರೆ ಅದು ಸೌಂಡ್‌ಬಾರ್‌ಗೆ ಮಾತ್ರ ಮೀಸಲು ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ, ಲ್ಯಾಪ್‌ಟಾಪ್ ಅಲ್ಲಿಯೂ ನಡೆಯುತ್ತದೆ.

ಪೆನ್‌ಡ್ರೈವ್ ಹಾಕುವ ಯುಎಸ್‌ಬಿ ಪೋರ್ಟ್‌ಗೆ ಲ್ಯಾಪ್‌ಟಾಪ್‌ನಿಂದ ವೈರ್ ಎಳೆದು ಚಿತ್ರಕ್ಕಾಗಿ ಕಾಯುವವರೂ ಇದ್ದಾರೆ. ಎಷ್ಟು ಕಾದರೂ ಬಾರದು. ಟಿ.ವಿ.ಯ ಆ ಪೋರ್ಟ್ ಪೆನ್‌ಡ್ರೈವ್‌ನಲ್ಲಿರುವ ಫೈಲ್ ಓದಲು ಮಾತ್ರ.

ಇನ್‌ಪುಟ್ ಸರಿಯಿದ್ದೂ ಚಿತ್ರ ಬಾರದಿದ್ದರೆ ಲ್ಯಾಪ್‌ಟಾಪ್ ಕಡೆಗೆ ಬನ್ನಿ. ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು ‘ಪಿ’ ಒತ್ತಿ. ನಾಲ್ಕು ಆಯ್ಕೆಗಳು ಬರುತ್ತವೆ. ‘ಪಿಸಿ ಸ್ಕ್ರೀನ್ ಓನ್ಲಿ’ ಎಂದಿದ್ದರೆ ಟಿ.ವಿ.ಗೆ ಏನೂ ಹೋಗುವುದಿಲ್ಲ. ‘ಡೂಪ್ಲಿಕೇಟ್’ ಆರಿಸಿದರೆ ಎರಡೂ ಕಡೆ ಒಂದೇ ಚಿತ್ರ. ‘ಎಕ್ಸ್‌ಟೆಂಡ್’ ಆರಿಸಿದರೆ ಟಿ.ವಿ.ಯಲ್ಲಿ ಬರೀ ವಾಲ್‌ಪೇಪರ್ ಕಾಣಿಸುತ್ತದೆ. ಅದನ್ನು ಕಂಡು ಕೆಟ್ಟಿದೆ ಎಂದುಕೊಳ್ಳಬೇಡಿ, ಲ್ಯಾಪ್‌ಟಾಪ್‌ನ ಕಿಟಕಿಯನ್ನು ಮೌಸ್‌ನಿಂದ ಎಳೆದು ಆಚೆಗೆ ಬಿಟ್ಟರೆ ಅದು ಟಿ.ವಿ.ಗೆ ಹೋಗುತ್ತದೆ. ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಮಾಡಿದರೆ ಲ್ಯಾಪ್‌ಟಾಪ್ ಕಪ್ಪಾಗಿ ಟಿ.ವಿ. ಮಾತ್ರ ಉಳಿಯುತ್ತದೆ. ಮ್ಯಾಚ್ ನೋಡಲು ನನ್ನ ಮತ ‘ಡೂಪ್ಲಿಕೇಟ್’ಗೆ, ಮನೆಯ ಹಿರಿಯರಿಗೂ ಅದರಲ್ಲಿ ಗೊಂದಲವಿಲ್ಲ.

ಟಿ.ವಿ.ಯ ಹೆಸರು ಕಾಣಿಸುತ್ತಿದೆಯೇ?

ಇಷ್ಟರಲ್ಲಿ ಚಿತ್ರ ಬಂದರೆ ಮುಂದೆ ಓದಬೇಕಿಲ್ಲ, ಮ್ಯಾಚ್ ನೋಡಿ. ಬಾರದವರಿಗೆ ಈ ಭಾಗ.

ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ ಮತ್ತು ಧ್ವನಿ ಲ್ಯಾಪ್‌ಟಾಪ್‌ನಿಂದ ಟಿ.ವಿ. ಕಡೆಗೆ ಹರಿಯುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದರ 19 ಪಿನ್‌ಗಳಲ್ಲಿ ಕೆಲವು ಹಿಂದಕ್ಕೂ ಮಾತಾಡುತ್ತವೆ. ಕೇಬಲ್ ಸಿಕ್ಕಿಸಿದ ಕೂಡಲೇ ಟಿ.ವಿ. ತನ್ನ ಜಾತಕವನ್ನು ಲ್ಯಾಪ್‌ಟಾಪ್‌ಗೆ ಒಪ್ಪಿಸುತ್ತದೆ: ಯಾವ ಕಂಪನಿ, ಯಾವ ಮಾಡೆಲ್, ಎಷ್ಟು ರೆಸಲ್ಯೂಷನ್ (ಚಿತ್ರದ ಚುಕ್ಕಿಗಳ ಲೆಕ್ಕ) ತಾಳುತ್ತದೆ, ಧ್ವನಿ ಹೊರಡಿಸಬಲ್ಲದೇ ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ಓದಿಕೊಂಡ ಮೇಲೆಯೇ ಲ್ಯಾಪ್‌ಟಾಪ್ ಚಿತ್ರ ಕಳಿಸುತ್ತದೆ.

ತಪಾಸಣೆಗೆ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ಗೆ ಹೋಗಿ, ಕೆಳಗೆ ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ ತೆರೆಯಿರಿ. ಅಲ್ಲಿ ನಿಮ್ಮ ಟಿ.ವಿ.ಯ ಹೆಸರು ಇದ್ದರೆ ಇಬ್ಬರ ನಡುವೆ ಸಂಪರ್ಕವಾಗಿದೆ ಎಂದೇ ಅರ್ಥ. ಆಗ ಪೇಟೆಗೆ ಓಡಬೇಡಿ, ತೊಂದರೆ ಇನ್‌ಪುಟ್‌ನಲ್ಲೋ ರೆಸಲ್ಯೂಷನ್‌ನಲ್ಲೋ ಇರುವ ಸಾಧ್ಯತೆ ಹೆಚ್ಚು. ರೆಸಲ್ಯೂಷನ್ 1920×1080, ರಿಫ್ರೆಶ್ ರೇಟ್ (ಸೆಕೆಂಡಿಗೆ ಚಿತ್ರ ಎಷ್ಟು ಸಲ ಬದಲಾಗುತ್ತದೆ ಎಂಬ ಲೆಕ್ಕ) 60 ಹರ್ಟ್ಸ್ ಎಂದು ಇಟ್ಟು ನೋಡಿ. ಈ ಜೋಡಿಯನ್ನು ಫುಲ್ ಎಚ್‌ಡಿ ಟಿ.ವಿ.ಗಳೂ 4ಕೆ ಟಿ.ವಿ.ಗಳೂ ಒಪ್ಪುತ್ತವೆ. ಹಳೆಯ ಎಚ್‌ಡಿಎಂಐ 1.4 ಪೋರ್ಟ್ ಇರುವ ಲ್ಯಾಪ್‌ಟಾಪ್‌ಗೆ 4ಕೆ ಟಿ.ವಿ. ಜೋಡಿಸಿದರೆ 30 ಹರ್ಟ್ಸ್‌ಗೆ ಇಳಿದು ಮೌಸ್ ಜಗ್ಗಿ ಜಗ್ಗಿ ಓಡುತ್ತದೆ. ಅಲ್ಲಿಯೂ ಇದೇ ಮದ್ದು.

ಹೆಸರೇ ಇಲ್ಲವೇ? ಹಾಗಿದ್ದರೆ ಟಿ.ವಿ.ಯನ್ನು ರಿಮೋಟ್‌ನಿಂದ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಒಂದೆರಡು ನಿಮಿಷ ಬಿಡಿ. ಕರೆಂಟ್ ಹೋಗಿ ಬಂದು ಆಡುವ ದಿನಗಳಲ್ಲಿ ಟಿ.ವಿ. ಅರೆನಿದ್ದೆಯಲ್ಲೇ ಸಿಕ್ಕಿಕೊಂಡಿರುತ್ತದೆ. ಲ್ಯಾಪ್‌ಟಾಪನ್ನೂ ರೀಸ್ಟಾರ್ಟ್ ಮಾಡಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ‘ಬಿ’ ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಒಮ್ಮೆ ಕಣ್ಣು ಮಿಟುಕಿಸಿ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಹೊಸದಾಗಿ ಶುರುವಾಗುತ್ತದೆ, ತೆರೆದಿಟ್ಟ ಕೆಲಸಕ್ಕೆ ತೊಂದರೆಯಿಲ್ಲ.

ಅದಕ್ಕೂ ಬಗ್ಗದಿದ್ದರೆ ಡಿಶ್‌ನ ಸೆಟ್‌ಟಾಪ್ ಬಾಕ್ಸ್ ನೆರವಿಗೆ ಬರುತ್ತದೆ. ಬಾಕ್ಸ್‌ನಿಂದ ಟಿ.ವಿ.ಗೆ ಎಚ್‌ಡಿಎಂಐ ಕೇಬಲ್ ಹೋಗಿದ್ದು ಚಾನೆಲ್‌ಗಳು ಚೆನ್ನಾಗಿ ಬರುತ್ತಿದ್ದರೆ, ಆ ಕೇಬಲ್ಲೂ ಟಿ.ವಿ.ಯ ಆ ಪೋರ್ಟೂ ಸರಿಯಾಗಿವೆ ಎಂದು ಗ್ಯಾರಂಟಿ ಆಯಿತಲ್ಲ. ಟಿ.ವಿ. ಕಡೆಯ ತುದಿಯನ್ನು ಮುಟ್ಟದೆ, ಬಾಕ್ಸ್ ಕಡೆಯ ತುದಿಯನ್ನು ಮಾತ್ರ ಕಿತ್ತು ಲ್ಯಾಪ್‌ಟಾಪ್‌ಗೆ ಹಾಕಿ. ಚಿತ್ರ ಬಂದರೆ ನಿಮ್ಮ ಕೇಬಲ್ ಅಥವಾ ನೀವು ಮೊದಲು ಬಳಸಿದ ಪೋರ್ಟ್ ಕೆಟ್ಟಿದೆ. ಬಾರದಿದ್ದರೆ ಟಿ.ವಿ.ಯನ್ನೂ ಕೇಬಲ್ಲನ್ನೂ ಬೈಯಬೇಡಿ, ಲ್ಯಾಪ್‌ಟಾಪ್ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದೇ ತಿಳಿಯುವುದಿಲ್ಲ. ಬಾಕ್ಸ್‌ನಿಂದ ಕೆಂಪು, ಬಿಳಿ, ಹಳದಿ ಪಿನ್‌ಗಳ ವೈರ್ ಹೋಗಿದ್ದರೆ ಈ ಉಪಾಯ ನಡೆಯದು, ಪಕ್ಕದ ಮನೆಯ ಕೇಬಲ್ ಕೇಳಿ ತನ್ನಿ.

ಲ್ಯಾಪ್‌ಟಾಪ್ ಮೇಲೆಯೇ ಅನುಮಾನ ಬಂದರೆ ‘ಡಿವೈಸ್ ಮ್ಯಾನೇಜರ್’ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ಕೆಳಗೆ ಏನಿದೆ ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಸರಿಯಾದ ಡ್ರೈವರ್ ಇಲ್ಲ ಎಂದರ್ಥ. ಹೊಸದಾಗಿ ವಿಂಡೋಸ್ ಹಾಕಿಸಿಕೊಂಡು ಬಂದ ಲ್ಯಾಪ್‌ಟಾಪ್‌ಗಳಲ್ಲಿ ಇದು ಕಾಣುತ್ತದೆ. ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟ್‌ನಿಂದ ಆ ಮಾಡೆಲ್‌ನ ಡ್ರೈವರ್ ಇಳಿಸಿಕೊಂಡರೆ ಪೋರ್ಟ್‌ಗೆ ಜೀವ ಬರುತ್ತದೆ.

ಮಳೆ, ಸಿಡಿಲು, ಕಡಜ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಾಡಿನಲ್ಲಿ ಟಿ.ವಿ.ಯ ಹಿಂಭಾಗ ಮಾತ್ರ ಒಣಗಿರಲು ಹೇಗೆ ಸಾಧ್ಯ? ಟಾರ್ಚ್ ಬಿಟ್ಟು ಪೋರ್ಟ್ ಒಳಗೆ ನೋಡಿ. ಪಿನ್‌ಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕೂತಿದ್ದರೆ ಅದು ತೇವದ ಕೆಲಸ. ಬಳಸದೆ ಬಿಟ್ಟ ಪೋರ್ಟ್‌ನ ಬಾಯಿಗೆ ಕಡಜ ಮಣ್ಣು ಮೆತ್ತಿರುವುದೂ ಉಂಟು, ಹೋಮ್‌ಸ್ಟೇಗಳಲ್ಲಿ ತಿಂಗಳುಗಟ್ಟಲೆ ಮುಚ್ಚಿದ ಕೋಣೆ ತೆರೆದಾಗ ಇದನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಎರಡೂ ಉಪಕರಣಗಳ ಪ್ಲಗ್ ಕಿತ್ತು, ಲ್ಯಾಪ್‌ಟಾಪ್ ಆಫ್ ಮಾಡಿ, ಮೆಡಿಕಲ್ ಶಾಪ್‌ನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತನೆಯ ಬ್ರಷ್‌ನಿಂದ ಹಗುರವಾಗಿ ತಿಕ್ಕಿ, ಪೂರ್ತಿ ಆರಿದ ಮೇಲೆ ಕೇಬಲ್ ಹಾಕಿ. ಸೂಜಿ, ಪಿನ್ನು ತೂರಿಸಬೇಡಿ. ಮಳೆಗಾಲದಲ್ಲಿ ಬಳಸದ ಟಿ.ವಿ.ಯನ್ನೂ ಆಗಾಗ ಹಚ್ಚಿಡುವುದು ವಾಸಿ, ಒಳಗಿನ ಬಿಸಿಗೆ ತೇವ ಆರುತ್ತದೆ.

ಸಿಡಿಲಿನದು ಇದಕ್ಕಿಂತ ಗಂಭೀರ ವಿಚಾರ. ಕಾಫಿ ಹೂಮಳೆಯ ಸಮಯದ ಗುಡುಗಿನಲ್ಲಿ ಮೇನ್ ಸ್ವಿಚ್ ಆರಿಸಿ ನಿಶ್ಚಿಂತೆಯಿಂದ ಇರುವವರು ಡಿಶ್‌ನ ವೈರನ್ನು ಮರೆಯುತ್ತಾರೆ. ಹೊರಗಿನ ಡಿಶ್‌ನಿಂದ ಬಾಕ್ಸ್‌ಗೆ, ಬಾಕ್ಸ್‌ನಿಂದ ಟಿ.ವಿ.ಗೆ, ಟಿ.ವಿ.ಯಿಂದ ಎಚ್‌ಡಿಎಂಐ ಮೂಲಕ ಲ್ಯಾಪ್‌ಟಾಪ್‌ಗೆ ತಂತಿ ಹರಿದಿದೆ. ಸಮೀಪದಲ್ಲಿ ಸಿಡಿಲು ಬಡಿದರೆ ಅದು ಹಾದುಬರಲು ಇದೇ ದಾರಿ. ಮೋಡ ಕಟ್ಟುತ್ತಿದ್ದಂತೆ ಪ್ಲಗ್, ಡಿಶ್ ವೈರ್, ಎಚ್‌ಡಿಎಂಐ ಮೂರನ್ನೂ ಕಿತ್ತುಬಿಡಿ, ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ. ಹಿಂದಿನ ಮಳೆಗೆ ಎಚ್‌ಡಿಎಂಐ 1 ಸತ್ತಿದ್ದರೂ ಎಚ್‌ಡಿಎಂಐ 2 ಬದುಕಿರಬಹುದು, ಎಲ್ಲ ಪೋರ್ಟ್‌ಗಳನ್ನೂ ಪರೀಕ್ಷಿಸದೆ ಟಿ.ವಿ.ಗೆ ತಿಲಾಂಜಲಿ ಬಿಡಬೇಡಿ.

ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದರೆ ಬೆರಳು ಜುಂ ಎನ್ನುತ್ತದೆಯೇ? ಮನೆಯ ಅರ್ಥಿಂಗ್ ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅಲ್ಲಿಯವರೆಗೆ ಚಾರ್ಜರ್ ತೆಗೆದು ಕೇಬಲ್ ಜೋಡಿಸಿ, ಆಮೇಲೆ ಚಾರ್ಜರ್ ಹಾಕಿ.

ಚಿತ್ರ ಬಂತು, ಆದರೆ…

ಧ್ವನಿ ಲ್ಯಾಪ್‌ಟಾಪ್‌ನಿಂದಲೇ ಬರುತ್ತಿದ್ದರೆ ಕೆಳಗಿನ ಬಲಮೂಲೆಯ ಸ್ಪೀಕರ್ ಗುರುತನ್ನು ಒತ್ತಿ, ಪಟ್ಟಿಯಲ್ಲಿ ಟಿ.ವಿ.ಯ ಹೆಸರನ್ನು ಆರಿಸಿ. ಆಗಲೂ ಬಾರದಿದ್ದರೆ ಬ್ರೌಸರ್ ಮುಚ್ಚಿ ತೆರೆಯಿರಿ.

ಚಿತ್ರದ ಅಂಚು ಕತ್ತರಿಸಿ ಹೋಗಿ, ಸ್ಕೋರ್ ಬರೆಯುವ ಮೂಲೆಯೇ ಕಾಣದಿದ್ದರೆ ಲ್ಯಾಪ್‌ಟಾಪ್‌ನದೇನೂ ತಪ್ಪಿಲ್ಲ. ಟಿ.ವಿ.ಗಳು ಅಂಚನ್ನು ತುಸು ಹಿಗ್ಗಿಸಿ ತೋರಿಸುವ ಹಳೆಯ ಚಾಳಿ ಇನ್ನೂ ಬಿಟ್ಟಿಲ್ಲ. ಟಿ.ವಿ.ಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘ಫುಲ್ ಪಿಕ್ಸೆಲ್’ ಎಂಬಂಥ ಒಂದು ಆಯ್ಕೆ ಇರುತ್ತದೆ, ಅದನ್ನು ಹಾಕಿ. ಚಿತ್ರ ಮಿಣುಕು ಮಿಣುಕು ಎಂದರೆ, ಆಗಾಗ ಕಪ್ಪಾದರೆ, ಕೇಬಲ್ ಉದ್ದ ಹೆಚ್ಚಾಗಿದೆ ಅಥವಾ ಗುಣಮಟ್ಟ ಸಾಲದು.

ಯೂಟ್ಯೂಬ್ ಸರಿಯಾಗಿ ಬಂದು ಸಿನಿಮಾ ಆ್ಯಪ್‌ಗಳು ಮಾತ್ರ ಕಪ್ಪಾಗಿ ಮಾತಷ್ಟೇ ಕೇಳಿಸಿದರೆ ಅದು ರಿಪೇರಿಯ ವಿಷಯವಲ್ಲ. ಕಾಪಿ ತಡೆಯಲು ಎಚ್‌ಡಿಸಿಪಿ ಎಂಬ ಕಾವಲು ಇಟ್ಟಿದ್ದಾರೆ. ನಡುವೆ ಕನ್ವರ್ಟರ್ ಅಥವಾ ಅಗ್ಗದ ಸ್ಪ್ಲಿಟರ್ ಇದ್ದರೆ ಅದು ಬಾಗಿಲು ಹಾಕುತ್ತದೆ. ನೇರವಾಗಿ ಕೇಬಲ್ ಹಾಕಿ, ಅಥವಾ ಟಿ.ವಿ.ಯಲ್ಲೇ ಆ ಆ್ಯಪ್ ಇದ್ದರೆ ಅದನ್ನೇ ಬಳಸಿ.

ವೈರ್ ಇಲ್ಲದೆಯೂ ಆಗುತ್ತದೆ

ಸ್ಮಾರ್ಟ್ ಟಿ.ವಿ.ಯಾದರೆ ಅದರಲ್ಲಿ ‘ಸ್ಕ್ರೀನ್ ಮಿರರಿಂಗ್’ ತೆರೆದು, ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀಲಿ ಮತ್ತು ‘ಕೆ’ ಒತ್ತಿ. ಇದು ಮಿರಾಕಾಸ್ಟ್ ತಂತ್ರ. ಎರಡರಲ್ಲೂ ಅದು ಇರಬೇಕು. ಲ್ಯಾಪ್‌ಟಾಪ್‌ನ ವೈಫೈ ಆನ್ ಇದ್ದರೆ ಸಾಕು, ಇಂಟರ್‌ನೆಟ್ ಬೇಕಿಲ್ಲ. ಮರ ಬಿದ್ದು ಬ್ರಾಡ್‌ಬ್ಯಾಂಡ್ ಹೋದ ದಿನ ಲ್ಯಾಪ್‌ಟಾಪ್‌ನಲ್ಲಿರುವ ಮದುವೆ ವಿಡಿಯೊವನ್ನು ಹೀಗೆ ನೋಡಬಹುದು. ಕ್ರೋಮ್ ಬ್ರೌಸರ್‌ನ ‘ಕಾಸ್ಟ್’ ಬೇರೆ: ಅದಕ್ಕೆ ಟಿ.ವಿ., ಲ್ಯಾಪ್‌ಟಾಪ್ ಎರಡೂ ಒಂದೇ ವೈಫೈನಲ್ಲಿರಬೇಕು. ಲ್ಯಾಪ್‌ಟಾಪ್ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ, ಟಿ.ವಿ. ಮನೆಯ ವೈಫೈನಲ್ಲಿ ಇದ್ದರೆ ಒಂದಕ್ಕೊಂದು ಕಾಣಿಸುವುದೇ ಇಲ್ಲ. ಹೋಮ್‌ಸ್ಟೇಗಳ ಅತಿಥಿ ವೈಫೈಯಲ್ಲಿ ಒಂದು ಉಪಕರಣ ಇನ್ನೊಂದಕ್ಕೆ ಕಾಣದಂತೆ ತಡೆ ಹಾಕಿರುತ್ತಾರೆ, ಅಲ್ಲಿ ‘ಕಾಸ್ಟ್’ ನಡೆಯದು, ಕೇಬಲ್ ಅಥವಾ ಮಿರಾಕಾಸ್ಟ್ ಬಳಸಿ. ದಪ್ಪ ಗೋಡೆಯ ಹಳೆಯ ಬಂಗಲೆಗಳಲ್ಲಿ ಲ್ಯಾಪ್‌ಟಾಪನ್ನು ಟಿ.ವಿ. ಇರುವ ಕೋಣೆಗೇ ತರುವುದು ಉತ್ತಮ.

ಪೇಟೆಗೆ ಹೋಗಲೇಬೇಕಾದರೆ

ಹಳೆಯ ಲ್ಯಾಪ್‌ಟಾಪ್‌ನಲ್ಲಿ 15 ಪಿನ್‌ಗಳ ನೀಲಿ ವಿಜಿಎ ಪೋರ್ಟ್ ಮಾತ್ರ ಇದ್ದರೆ ‘ವಿಜಿಎಯಿಂದ ಎಚ್‌ಡಿಎಂಐಗೆ’ ಎಂದೇ ಸ್ಪಷ್ಟವಾಗಿ ಕೇಳಿ. ‘ಎಚ್‌ಡಿಎಂಐಯಿಂದ ವಿಜಿಎಗೆ’ ಎಂಬುದು ನೋಡಲು ಅವಳಿಯಂತಿದ್ದರೂ ಬೇರೆ ವಸ್ತು, ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ. 1987ರಲ್ಲಿ ಐಬಿಎಂ ತಂದ ವಿಜಿಎಯಲ್ಲಿ ಧ್ವನಿ ಹೋಗುವುದಿಲ್ಲ. ಆದ್ದರಿಂದ ಹೆಡ್‌ಫೋನ್ ತೂತಿಗೆ ಹಾಕುವ ಆಡಿಯೊ ವೈರ್, ಯುಎಸ್‌ಬಿಯಿಂದ ಕರೆಂಟ್ ಎಳೆಯುವ ವೈರ್ ಎರಡೂ ಇರುವ ಕನ್ವರ್ಟರ್ ಕೊಳ್ಳಿ.

ತೆಳ್ಳನೆಯ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್ ಸಿ ಪೋರ್ಟ್ ಮಾತ್ರ ಇರುತ್ತದೆ. ಅದರ ಆಕಾರ ಒಂದೇ ಇದ್ದರೂ ಎಲ್ಲವೂ ಚಿತ್ರ ಕಳಿಸುವುದಿಲ್ಲ. ಪಕ್ಕದಲ್ಲಿ ಮಿಂಚಿನ ಗುರುತು ಅಥವಾ ‘ಡಿ’ಯೊಳಗೆ ‘ಪಿ’ ಸೇರಿದಂತಿರುವ ಡಿಸ್‌ಪ್ಲೇಪೋರ್ಟ್ ಗುರುತು ಇದೆಯೇ ನೋಡಿ. ಗುರುತಿಲ್ಲದಿದ್ದರೆ ಮಾಡೆಲ್ ನಂಬರ್ ಹಾಕಿ ಕಂಪನಿಯ ಸೈಟ್‌ನಲ್ಲಿ ಖಚಿತಪಡಿಸಿಕೊಳ್ಳಿ. ಬರೀ ಚಾರ್ಜ್ ಮತ್ತು ಡೇಟಾದ ಪೋರ್ಟ್‌ಗೆ ಎಷ್ಟು ದುಬಾರಿ ಅಡಾಪ್ಟರ್ ಹಾಕಿದರೂ ಚಿತ್ರ ಬಾರದು.

ಹೊರಡುವಾಗ ಲ್ಯಾಪ್‌ಟಾಪ್, ಅದರ ಚಾರ್ಜರ್, ಅನುಮಾನದ ಕೇಬಲ್ ಮೂರೂ ಜೊತೆಗಿರಲಿ. ಟಿ.ವಿ. ಹೊತ್ತೊಯ್ಯಬೇಕಿಲ್ಲ, ಆಗ ತೆಗೆದ ಹಿಂಭಾಗದ ಫೋಟೊ ಸಾಕು, ಮಾಡೆಲ್ ನಂಬರಿನ ಸ್ಟಿಕ್ಕರ್‌ದೂ ಒಂದಿರಲಿ. ಟಿ.ವಿ.ಯಿಂದ ಲ್ಯಾಪ್‌ಟಾಪ್ ಇಡುವ ಜಾಗಕ್ಕೆ ಗೋಡೆಗುಂಟ ಅಳೆದು ಉದ್ದ ಬರೆದುಕೊಳ್ಳಿ. ಅಂಗಡಿಯ ಟಿ.ವಿ.ಗೆ ನಿಮ್ಮ ಲ್ಯಾಪ್‌ಟಾಪ್ ಜೋಡಿಸಿ ಚಿತ್ರ, ಧ್ವನಿ ಎರಡೂ ಬಂದ ಮೇಲೆಯೇ ದುಡ್ಡು ಕೊಡಿ.